ಜಗಲಿಯ ಒಂಟಿ ದೀಪ

ಕರೆಂಟಿನ ಪೆಟ್ಟಿಗೆಯ ಹಿಡಿಕೆ ನಡುವಿಗೆ ಬಂದು ನಿಂತ ಕೂಡಲೆ ಮನೆಯ ಸದ್ದುಗಳು ಒಂದೊಂದಾಗಿ ಇಳಿದವು. ರೇಡಿಯೊದ ಭಜನೆ ಅರ್ಧಕ್ಕೆ ಕಡಿಯಿತು. ಪಡಸಾಲೆಯ ಫ್ಯಾನು ಮೂರು ಸುತ್ತು ಸುಮ್ಮನೆ ತಿರುಗಿ ನಿಂತಿತು. ಆಮೇಲೆ ಹಿತ್ತಲಿನ ಭಟ್ಟಿಯ ಕಡೆಯಿಂದ ಹಂಚು ಪೇರಿಸುವ ಸದ್ದೊಂದೇ ಉಳಿಯಿತು.

"ಎಲ್ಲಾ ಹೋತ್ರಿ ಸಾಹೇಬ್ರ!" ಗೋಡೆಯ ಕಬ್ಬಿಣದ ಪೆಟ್ಟಿಗೆಯ ಹತ್ತಿರದಿಂದ ಹವಾಲ್ದಾರ ಬಾಳಕೃಷ್ಣ ಕೂಗಿದ. "ದೀಪ ಆರ್ಯಾವು, ಫ್ಯಾನ್ ನಿಂತಾವು."

"ಹಂಗ ಅನಬ್ಯಾಡಪಾ," ಮಣೆಯ ಮೇಲೆ ಕುಳಿತಿದ್ದ ಮುದುಕಿ ಸತ್ಯವ್ವ ರೇಗಿದಳು. "ದೇವರ ಮುಂದ ನಿಂತು ದೀಪ ಆರ್ಯಾವು ಅಂತಾರೇನು? ದೊಡ್ಡು ಆಗ್ಯಾವು ಅನಬೇಕು. ಪೊಲೀಸ ಆದ್ರ ಬಾಯಿಗೆ ಮಡಿ ಮೈಲಿಗಿ ಇಲ್ಲೇನು?"

"ತಪ್ಪಾತ್ರಿ ಅಜ್ಜಿ. ದೀಪ ದೊಡ್ಡು ಆಗ್ಯಾವು. ಫ್ಯಾನೂ ದೊಡ್ಡು ಆಗ್ಯಾವು."

ಇನ್‌ಸ್ಪೆಕ್ಟರ್ ಅವಧೂತ ನಗಲಿಲ್ಲ. ಯಾರ ಮನೆಗೆ ಹೋದರೂ ಮೊದಲು ಜಗಲಿಗೆ ಕೈ ಮುಗಿದು ಕೆಲಸಕ್ಕೆ ಇಳಿಯುವುದು ಅವರ ರೂಢಿ. ಬೆಳಗಾವಿಯ ಠಾಣೆಯಲ್ಲಿ ಅದಕ್ಕೆ ನಗುವವರಿದ್ದರು. ಇವತ್ತು ಮುಗಿದ ಕೈ ಹಾಗೆಯೇ ನಿಂತಿತು.

ವಿಠೋಬನ ಮುಂದಿನ ಪುಟ್ಟ ಕೆಂಪು ಬಲ್ಬು ಉರಿಯುತ್ತಲೇ ಇತ್ತು.

"ಬಾಳಕೃಷ್ಣ, ಹಿಡಿಕಿ ಎಲ್ಲಿ ಅದ?"

"ನಟ್ಟನಡುವ ಐತ್ರಿ."

"ಹಂಗಾದ್ರ ಈ ದೀಪ ಯಾರ ಕರೆಂಟಿನ ಮ್ಯಾಲೆ ಉರಿಯಾಕತ್ತದ?"

ಖಾನಾಪುರದ ಹೊರಗಿನ ಮನೆ ಅದು. ಸೋಮವಾರ ಮುಂಜಾನೆ ಆ ಮನೆಯ ಹಿಂದಿನ ಕಂಬದ ಮೇಲೆಯೇ ಲೈನ್‌ಮನ್ ಉಳವಪ್ಪ ಕರೆಂಟು ಹೊಡೆದು ಸತ್ತಿದ್ದ. ಮನೆಯ ಯಜಮಾನ ಬಾಳಾಸಾಹೇಬರ ದೂರಿನ ಮೇಲೆ, ಇಲ್ಲಿ ಇಂಜಿನ್ನಿನ, ಅಂದರೆ ಜನರೇಟರಿನ, ಪೆಟ್ಟಿಗೆ ಕೂಡಿಸಿಕೊಟ್ಟ ವೈರಮನ್ ಬುರಾನುದ್ದೀನ ಮೂರು ದಿನದಿಂದ ಲಾಕಪ್ಪಿನಲ್ಲಿದ್ದ.

ಕೋರ್ಟು ಕೊಟ್ಟ ಗಡುವು ಮುಗಿದು, ನಾಳೆ ಹನ್ನೊಂದಕ್ಕೆ ಅವನನ್ನು ಮತ್ತೆ ಕೋರ್ಟಿಗೆ ಒಯ್ಯಬೇಕು. ಅಲ್ಲಿಂದ ಹಿಂಡಲಗಾ ಜೈಲು. ಅಷ್ಟರೊಳಗೆ ಬೇರೆ ಏನಾದರೂ ತಿಳಿದರೆ ಸರಿ, ಇಲ್ಲವಾದರೆ ಇಲ್ಲ.

ಉಳವಪ್ಪನ ಶವದ ಮೇಲಿನ ಖಾಕಿ ಅಂಗಿಯನ್ನು ಅವಧೂತರು ತಮ್ಮ ಕೈಯಿಂದಲೇ ತಡಕಿದ್ದರು. ಕಿಸೆಯಲ್ಲಿ ಆ ಲೈನಿನ ಫ್ಯೂಜುಗಳಿದ್ದವು. ಫ್ಯೂಜು ಕಿತ್ತವನು ಅವನ್ನು ಟ್ರಾನ್ಸ್‌ಫಾರ್ಮರ್ ಹತ್ತಿರ ಬಿಟ್ಟು ಹೋಗುವುದಿಲ್ಲ, ಕಿಸೆಗೆ ಹಾಕಿಕೊಂಡೇ ಕಂಬ ಹತ್ತುತ್ತಾನೆ. ಕೆಳಗಿನವರು ಯಾರೂ ತಿಳಿಯದೆ ಮತ್ತೆ ಸಿಗಿಸಬಾರದು ಎಂದು. ತನ್ನ ಜೀವ ತನ್ನ ಕಿಸೆಯಲ್ಲಿ. ಆದರೂ ಸತ್ತ. ಆ ಲೈನಿನ ಕೊನೆಗೆ ಇದ್ದದ್ದು ಒಂದೇ ಮನೆ.

"ಅದು ಅಖಂಡ ದೀಪರಿ," ಸತ್ಯವ್ವ ಅಭಿಮಾನದಿಂದ ಹೇಳಿದಳು. "ಮೊದಲ ಎಣ್ಣಿ ದೀಪ ಇತ್ತು. ಇಲಿ ಬತ್ತಿ ಕಚಗೊಂಡು ಓಡಿ ಪೋಥಿ ಮ್ಯಾಲಿನ ವಸ್ತ್ರಕ್ಕ ಉರಿ ಹಚ್ಚಿತು. ಅವತ್ತ ಮಗ ಅಂದ, ಅವ್ವಾ, ಕರೆಂಟಿನ ದೀಪ ಇಡೂಣು. ಆದ್ರ ಈ ಹಾಳಾದ ಕರೆಂಟು ದಿನಾ ಹೋಗತೈತಲ್ರಿ. ಅದಕ್ಕಽ ಇಂಜಿನ್ ತಂದ. ಊರ ಮಂದಿ ಅಂತಾರ, ಬಾಳಾಸಾಹೇಬ ಫ್ಯಾನಿನ ಗಾಳಿಗೆ ಇಂಜಿನ್ ತಂದ ಅಂತ. ಖರೇ ಹೇಳತೀನಿ, ಅದು ನಮ್ಮ ವಿಠೋಬನ ಇಂಜಿನ್."

"ಇಲ್ಲಿ ಎರಡು ಹೋಲ್ಡರ್ ಅವ. ಒಂದಕ್ಕ ಬಲ್ಬ್ ಇಲ್ಲ, ಚೆಂಡಹೂ ಸಿಗಿಸೀರಿ."

"ಮೊದಲ ಎರಡು ದೀಪ ಇದ್ದೂರಿ. ಕಂಬದ ಕರೆಂಟಿಗೊಂದು, ಇಂಜಿನ್ನಿಗೊಂದು. ಇದು ದೊಡ್ಡು ಆದ್ರ ಅದು ಹತ್ತತಿತ್ತು. ನನ್ನ ಜೀವಕ್ಕ ಸಮಾಧಾನ ಇರಲಿಲ್ಲ. ಅಖಂಡ ಅಂದ್ರ ಒಂದಽ ಇರಬೇಕಲ್ರಿ? ದಿನಾ ಅಂದೆ. ಕಡೀಕ ನಾ ಪಂಢರಪುರಕ್ಕ ಹೋಗಿ ಬಂದು ನೋಡತೀನಿ—"

"ಅವ್ವಾ, ಚಾ ತಣ್ಣಗಾಗಾಕತ್ತೈತಿ. ಕುಡಿ."

ಬಾಳಾಸಾಹೇಬರು ಬಾಗಿಲಲ್ಲಿ ನಿಂತಿದ್ದರು. ಎತ್ತರದ ಆಳು, ಬಿಳಿ ಧೋತರ, ಬೆರಳ ಸಂದಿಯಲ್ಲಿ ಕೆಮ್ಮಣ್ಣಿನ ಕಲೆ. ದನಿ ಮೆತ್ತಗಿತ್ತು. ಚಹದ ಬಟ್ಟಲಿನಿಂದ ಹಬೆ ಏಳುತ್ತಿರುವುದನ್ನು ಅವಧೂತ ನೋಡಿದರು.

ಮುದುಕಿ ಬಟ್ಟಲಿಗೆ ಕೈ ಚಾಚಿದಳು. ಕೈಯೊಳಗಿನ ಜಪಮಾಲೆ ಮಣೆಯ ಅಂಚಿಗೆ ಸಿಕ್ಕಿತು. ಸ್ವಲ್ಪವೇ ಜಗ್ಗಿತು. ತುಳಸಿಮಣಿಗಳು ನೆಲದ ಫರಸಿಯ ಮೇಲೆ ಟಪಟಪ ಉದುರಿ, ಕೋಣೆಯ ನಾಲ್ಕೂ ಮೂಲೆಗೆ ಉರುಳಿ ಹೋದವು.

"ಮೂರನೇ ಸಲ ಆತು ನೋಡ್ರಿ!" ಎಂದಳು ಸತ್ಯವ್ವ. ಬರಿದಾದ ಕೆಂಪು ನೂಲು ಅವಳ ಬೆರಳಿಗೆ ಜೋತುಬಿದ್ದಿತ್ತು. "ನನ್ನ ಕಣ್ಣಿಗೆ ಸೂಜಿ ಕಾಣೂದಿಲ್ಲ. ಇವನಽ ಪೋಣಿಸಿ ಕೊಡತಾನ. ಪೋಣಸತಾನ ಚಂದ, ಗಂಟ ಹಾಕಾಕ ಬರೂದಿಲ್ಲ ನನ ಮಗಗ. ನೋಡಾಕ ಗಂಟು, ಜಗ್ಗಿದ್ರ ಏನೂ ಇಲ್ಲ."

"ಹಂಚು ಮಾಡೂ ಕೈ ಅವ್ವಾ, ಮಾಲಿ ಮಾಡೂ ಕೈ ಅಲ್ಲ," ಎಂದು ಬಾಳಾಸಾಹೇಬರು ನಕ್ಕರು.

ಬಾಳಕೃಷ್ಣ ಟೋಪಿ ತೆಗೆದು ಮಣಿ ಆರಿಸತೊಡಗಿದ. ಅವಧೂತ ಅವನ ಜೊತೆ ಮೊಳಕಾಲೂರಿದರು.

ಪೆಟ್ಟಿಗೆಯ ಲೆಕ್ಕ ಸರಳವಾದದ್ದು. ಹಿಡಿಕೆ ಮೇಲಿದ್ದರೆ ಮನೆಗೆ ಕಂಬದ ಕರೆಂಟು, ಕೆಳಗಿದ್ದರೆ ಇಂಜಿನ್ನಿನ ಕರೆಂಟು, ನಡುವೆ ನಿಂತರೆ ಎರಡೂ ಇಲ್ಲ. ಒಂದು ಬಾಗಿಲು ತೆರೆಯಬೇಕಾದರೆ ಇನ್ನೊಂದು ಮುಚ್ಚಲೇಬೇಕು. ಇಂಜಿನ್ನಿನ ಕರೆಂಟು ಯಾವ ಕಾಲಕ್ಕೂ ಹೊರಗಿನ ತಂತಿಗೆ ಹೋಗಬಾರದು. ಅದಕ್ಕೆಂದೇ ಈ ಪೆಟ್ಟಿಗೆ.

ಬಾಳಕೃಷ್ಣ ಮುಚ್ಚಳದ ನಾಲ್ಕು ಸ್ಕ್ರೂ ಬಿಚ್ಚಿದ. ಒಳಗಿನ ಕೆಲಸ ಅಚ್ಚುಕಟ್ಟಾಗಿತ್ತು. ದಪ್ಪ ತಂತಿಗಳು ಬಾಚಿದ ಕೂದಲಿನ ಹಾಗೆ ಸಾಲಾಗಿ ಇಳಿದಿದ್ದವು. ಕ್ಲಿಪ್ಪುಗಳ ಬದಲಿಗೆ ಮೇಣ ತಿಕ್ಕಿದ ಕೆಂಪು ನೂಲಿನಿಂದ ಗೇಣು ಗೇಣಿಗೆ ಕಟ್ಟಿತ್ತು. ಮುಚ್ಚಳದ ಒಳಮೈಯಲ್ಲಿ ಪೆನ್ಸಿಲ್ಲಿನ ಬರಹ: ಜುಲೈ ೮೩.

ಮೇಲಿನ ಸ್ಕ್ರೂವಿನಿಂದ ಒಂದು ಸಣ್ಣ ತಂತಿ, ಕೆಳಗಿನ ಸ್ಕ್ರೂವಿನಿಂದ ಒಂದು ಸಣ್ಣ ತಂತಿ. ಎರಡೂ ಗೋಡೆಯ ಗುಂಟ ಜಗಲಿಯ ಕಡೆಗೆ ಹೋಗಿದ್ದವು. ಒಂದು ಕಂಬದ್ದು, ಒಂದು ಇಂಜಿನ್ನಿನದು. ಎರಡು ದೀಪಕ್ಕೆ ಎರಡು ತಂತಿ. ಇಲ್ಲಿಯವರೆಗೆ ತಪ್ಪಿಲ್ಲ.

ಜಗಲಿಯ ಹಿಂದಿನ ಹಲಗೆ ಎತ್ತಿದಾಗ ತಪ್ಪು ಕಾಣಿಸಿತು. ಎರಡೂ ತಂತಿಯ ತುದಿ ಸುಲಿದು, ಒಂದಕ್ಕೊಂದು ತಿರುವಿ, ಒಂದೇ ಬಲ್ಬಿಗೆ ಕೊಟ್ಟಿದ್ದರು. ಸುತ್ತ ಕರಿ ಪಟ್ಟಿ, ಅದರ ಮೇಲೆ ಅದೇ ಕೆಂಪು ನೂಲು, ಅದೇ ಥರದ ಗಂಟು.

"ಮೀಟರಿನ ಫ್ಯೂಜು ಕೀಳು. ಇಂಜಿನ್ ಹಚ್ಚು. ಹಿಡಿಕಿ ಕೆಳಗ ಮಾಡು," ಎಂದರು ಅವಧೂತ.

ಹಿತ್ತಲಲ್ಲಿ ಇಂಜಿನ್ನು ಕೆಮ್ಮಿ, ತಡವರಿಸಿ, ಲಯಕ್ಕೆ ಬಂತು. ಫ್ಯಾನು ತಿರುಗಿತು. ಹೊರಗಿನ ಕರೆಂಟು ಬರುವ ದಾರಿ ಕಿತ್ತಿಟ್ಟಾಗಿತ್ತು. ಕಂಬದ ಕಡೆಯ ಸ್ಕ್ರೂವಿನಲ್ಲಿ ಜೀವ ಇರಬಾರದು. ಅವಧೂತ ಅದಕ್ಕೆ ಟೆಸ್ಟರ್ ಮುಟ್ಟಿಸಿದರು.

ಟೆಸ್ಟರಿನೊಳಗೆ ಕೆಂಪು ಕಿಡಿ ಹೊತ್ತಿತು.

"ಯಪ್ಪಾ," ಎಂದ ಬಾಳಕೃಷ್ಣ. ಅವನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. "ಕಂಬದ ಮ್ಯಾಲಿನ ತಂತಿಗೆ ಇಲ್ಲಿಂದ ಹೋಗೇತ್ರಿ. ದೇವರ ಮನಿ ಹಾದು."

"ಬುರಾನುದ್ದೀನನ ಕೆಲಸ ನೋಡ್ರಿ," ಹಿಂದಿನಿಂದ ಬಾಳಾಸಾಹೇಬರ ದನಿ. "ಎರಡು ದೀಪ ಎಂಟ ದಿನ ಇದ್ದೂ. ಅವ್ವ ಆಷಾಢದ ವಾರಿಗೆ ಪಂಢರಪುರಕ್ಕ ಹೋಗಿದ್ಲು. ಆಗ ಅವನಽ ಬಂದು ಒಂದು ಮಾಡಿಕೊಟ್ಟು ಹ್ವಾದ. ಜುಲೈದಿಂದ ಹಂಗಽ ಐತಿ. ನಮಗೇನ ತಿಳೀತೈತ್ರಿ ತಂತಿ ವ್ಯವಹಾರ?"

"ಸೋಮವಾರ ಕಂಬ ಹತ್ತೂ ಮುಂದ ಉಳವಪ್ಪ ಕೂಗಿ ಹೇಳಲಿಲ್ಲೇನ್ರಿ?"

"ಕೂಗಿದ್ರ ನಾ ಇಂಜಿನ್ ಹಚ್ಚತಿದ್ನೇನ್ರಿ ಸಾಹೇಬ್ರ? ಕರೆಂಟ್ ಹೋತು, ಹಚ್ಚಿದೆ. ಅವ ಬಾಯಿ ಬಿಡಲಿಲ್ಲ, ಜೀವಾ ಬಿಟ್ಟ."

ಇಂಜಿನ್ ನಿಲ್ಲಿಸಲು ಅವಧೂತ ಬಾಳಕೃಷ್ಣನಿಗೆ ಕೈ ಮಾಡಿದರು. ಉಳವಪ್ಪನ ಹೆಂಡತಿ ರೇಣವ್ವನ ಮಾತು ಅವರ ಕಿವಿಯಲ್ಲಿತ್ತು. ಅವಳು ಅತ್ತಿರಲಿಲ್ಲ, ಗೋಡೆಗೆ ಒರಗಿ ಒಂದೇ ಮಾತನ್ನು ಹೇಳಿದ್ದಳು: ಅವರು ಕೂಗದಽ ಕಂಬ ಹತ್ತೂದಿಲ್ರಿ, ಸುಡುಗಾಡದಾಗಿನ ಕಂಬ ಇದ್ರೂ 'ಹತ್ತೀನ್ರೋ' ಅಂತ ಕೂಗೇ ಹತ್ತತಿದ್ರು.

ಪೆಟ್ಟಿಗೆಯೊಳಗಿನ ಒಂದು ಗಂಟು, ಜಗಲಿಯ ಹಿಂದಿನ ಒಂದು ಗಂಟು. ಎರಡನ್ನೂ ನೂಲಿನ ಸಮೇತ ಕತ್ತರಿಸಿ, ಬೇರೆ ಬೇರೆ ಕಾಗದದಲ್ಲಿ ಮಡಚಿ, ಹೆಸರು ಬರೆದು ಕಿಸೆಗಿಟ್ಟರು. ಹೊರಡುವಾಗ ಹೊಸ್ತಿಲ ಹತ್ತಿರ ಕಾಲಿಗೆ ಏನೋ ಸಿಕ್ಕಿತು. ತುಳಸಿಮಣಿ. ತಿರುಗಿ ಕೊಡಬೇಕೆನ್ನುವಷ್ಟರಲ್ಲಿ ಜೀಪು ಚಾಲೂ ಆಗಿತ್ತು. ಅದನ್ನೂ ಕಿಸೆಗೆ ಹಾಕಿಕೊಂಡರು.

ಖಾನಾಪುರದ ಲಾಕಪ್ಪಿನಲ್ಲಿ ಬುರಾನುದ್ದೀನ ಮಧ್ಯಾಹ್ನದ ನಮಾಜಿನಲ್ಲಿದ್ದ. ಅವಧೂತ ಸರಳುಗಳ ಹೊರಗೆ ಕಾದು ನಿಂತರು. ಕೀಲಿ ತೆಗೆಯಲು ಹೋದ ಬಾಳಕೃಷ್ಣನನ್ನು ಕಣ್ಣಿನಲ್ಲೇ ತಡೆದರು. ನೆಲಕ್ಕೆ ಹಣೆ ಹಚ್ಚಿ ಏಳುವ ಆ ಮುದಿ ಮೈಯ ಉಸಿರನ್ನು ಕೇಳುತ್ತಿದ್ದರು.

"ಸಾಹೇಬ್ರು ಬಂದ್ರೇನ್ರಿ?" ಚಾಪೆ ಮಡಚುತ್ತ ಬುರಾನುದ್ದೀನ ಕೇಳಿದ. "ಹೆಜ್ಜಿ ಸಪ್ಪಳಾ ನಿಮ್ಮದಽ ಅನಿಸ್ತು."

"ನಿನಗೊಂದು ತೋರಸೂದದ, ಚಾಚಾ."

ಪೆಟ್ಟಿಗೆಯೊಳಗಿನ ಗಂಟನ್ನು ಅವನ ಅಂಗೈ ಮೇಲಿಟ್ಟರು. ಬುರಾನುದ್ದೀನ ಅದನ್ನು ನೋಡಲಿಲ್ಲ. ಮುಖ ಕಿಟಕಿಯ ಕಡೆಗೇ ಇತ್ತು. ಹೆಬ್ಬೆರಳು ನೂಲಿನ ಮೇಲೆ ಒಮ್ಮೆ ಹೋಯಿತು, ಒಮ್ಮೆ ಬಂತು, ಗಂಟಿನ ಮೇಲೆ ನಿಂತಿತು.

ಮೂರು ದಿನ ಅವನು ಒಂದೇ ಮಾತು ಹೇಳಿದ್ದ: ನನ್ನ ಕೆಲಸದಾಗ ತಪ್ಪಿಲ್ರಿ.

"ಬರಕೊಳ್ರಿ ಸಾಹೇಬ್ರ. ನಾನಽ ಮಾಡೀನಿ. ತಪ್ಪಾಗೇತಿ."

"ಏನ ಮಾಡಿದಿ?"

"ನೀವು ಏನಂತೀರಿ ಅದು. ಎಲ್ಲಾ ನಾನಽ."

ಬಾಳಕೃಷ್ಣ ಕಾಗದ ತರಲು ತಿರುಗಿದ. ಅವಧೂತ ಅವನ ಕಿಸೆಯಿಂದ ಇಣುಕುತ್ತಿದ್ದ ಚೀಟಿಯನ್ನೇ ಎಳೆದು ಬೆಂಚಿನ ಮೇಲಿಟ್ಟರು. ಪೆನ್ನು ಕೊಟ್ಟರು. "ಹಂಗಾದ್ರ ಇಲ್ಲಿ ಸಹಿ ಮಾಡು."

ಬುರಾನುದ್ದೀನ ಕೈಯಿಂದ ಕಾಗದದ ಅಂಚು ಹುಡುಕಿ, ನಟ್ಟನಡುವೆ, ಬರೆದ ಸಾಲುಗಳ ಮೇಲೆಯೇ, ದೊಡ್ಡದಾಗಿ ಸಹಿ ಮಾಡಿದ.

"ಸಾಹೇಬ್ರ," ಬಾಳಕೃಷ್ಣ ತೊದಲಿದ, "ಅದು ನಮ್ಮ ಮನ್ಯಾಕಿ ಕೊಟ್ಟ ಚೀಟಿರಿ. ರವಿವಾರ ಪೇಟೆಯಾಗ ಸಾಸಿವಿ, ಜೀರಗಿ ತರೂದಿತ್ತು."

ಬುರಾನುದ್ದೀನ ಪೆನ್ನನ್ನು ಬೆಂಚಿನ ಮೇಲಿಟ್ಟ.

"ಎಷ್ಟು ದಿನ ಆತು ಚಾಚಾ, ಕಣ್ಣು ಹಿಂಗಾಗಿ?"

"ಎರಡು ವರ್ಷರಿ." ಅವನು ತಲೆ ತಗ್ಗಿಸಿದ. "ಮನುಷ್ಯಾ ಕಾಣತಾನ, ಮಾರಿ ಕಾಣೂದಿಲ್ಲ. ಯಾರಿಗೂ ಹೇಳಿಲ್ಲ. ಕುರುಡ ವೈರಮನ್ನಗ ಯಾರು ಕರೀತಾರ್ರಿ?"

"ಹಂಗಾದ್ರ ಆ ಪೆಟ್ಟಿಗಿಯೊಳಗಿನ ಸಣ್ಣ ತಂತಿ ಯಾರು ಕೂಡಿಸಿದ್ರು?"

"ನಾನಽ."

"ಯಾರ ಕೈಲೆ?"

ಬುರಾನುದ್ದೀನ ಗಂಟನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ. ಮುಷ್ಟಿ ಬಿಡಿಸಲು ಬಾಳಕೃಷ್ಣ ಒಂದೊಂದೇ ಬೆರಳು ಎತ್ತಬೇಕಾಯಿತು.

ಬೆಳಗಾವಿಯ ಖಾಸಬಾಗದ ನೇಕಾರರ ಓಣಿಯಲ್ಲಿ ಮಗ್ಗದ ಸದ್ದು ಇಳಿಮಧ್ಯಾಹ್ನಕ್ಕೂ ನಿಂತಿರಲಿಲ್ಲ. ಬುರಾನುದ್ದೀನನ ಮನೆಯ ಬಾಗಿಲಲ್ಲಿ ಅವಧೂತ ತಟ್ಟದೆ ನಿಂತರು. ಅವರ ಅಜ್ಜ ಕಾವ್ಯ ಓದುತ್ತಿದ್ದಾಗ ಕಂಬಕ್ಕೊರಗಿ ಕುಳಿತು, ಪದ್ಯ ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆ ಎಂದು ಕೇಳಿ ಬೆಳೆದ ಕಿವಿ ಅದು.

ಒಳಗೆ ಲಾಳಿ ಆ ಕಡೆ, ಈ ಕಡೆ. ಆ ಕಡೆ, ಈ ಕಡೆ. ನಡುವೆ ಒಮ್ಮೆ ತಡೆಯಿತು. ನೂಲು ಕಡಿದಿರಬೇಕು. ಒಂದು ಉಸಿರಿನಷ್ಟು ಮೌನ. ಗಂಟು ಬಿತ್ತು. ಮತ್ತೆ ಲಾಳಿ ನಡೆಯಿತು.

ಅಷ್ಟು ಬೇಗ ಗಂಟು ಹಾಕುವ ಕೈ ಅದು.

ಬಾಗಿಲು ತೆರೆದವಳು ಬುರಾನುದ್ದೀನನ ಹೆಂಡತಿ ಮದರಬೀ. ಖಾಕಿ ಬಟ್ಟೆ ನೋಡಿ ಬಾಗಿಲಿಗೆ ಅಡ್ಡ ಕೈ ಇಟ್ಟಳು.

"ಮನಿ ಗಂಡಸರ್ನ ಒಯ್ದೀರಿ. ಇನ್ನೇನ ಉಳದೈತಿ? ಮಗ್ಗಾ ಒಯ್ಯಾಕ ಬಂದೀರೇನು?"

"ನಿಮ್ಮ ಮಗಳ ಕೂಡ ಎರಡು ಮಾತು ಅವ, ಚಾಚಿ."

"ಮಗಳ ನಿಕಾಹ್ ಐತಿ ಬರೋ ತಿಂಗಳ. ಪೊಲೀಸರು ಹೊಸ್ತಿಲ ದಾಟಿದ್ರು ಅಂತ ಬೀಗರಿಗೆ ಗೊತ್ತಾದ್ರ ನೀವು ಬಂದು ನಿಕಾಹ್ ಮಾಡಸತೀರೇನು?"

"ಅಮ್ಮೀ, ಒಳಗ ಬರಲಿ ಬಿಡು," ಒಳಗಿನಿಂದ ಹೆಣ್ಣುದನಿ. ಲಾಳಿ ನಿಂತಿತ್ತು. "ಮೂರು ದಿನಾ ಆತು, ನಾನಽ ಅವರ ದಾರಿ ಕಾಯಾಕತ್ತೀನಿ."

ನಸೀಬಾ ಮಗ್ಗದ ಗುಂಡಿಯಿಂದ ಎದ್ದು ದುಪಟ್ಟಾ ತಲೆಗೆ ಎಳೆದುಕೊಂಡಳು. ಇಪ್ಪ‍ತ್ತೆರಡರ ಹುಡುಗಿ. ತೋರುಬೆರಳಿನ ತುದಿಯಲ್ಲಿ ಸುಟ್ಟ ಸಣ್ಣ ಕಲೆಗಳು. ಮಗ್ಗ ಅಂಥ ಕಲೆ ಮಾಡುವುದಿಲ್ಲ.

ಅವಧೂತ ಕಂಬಳಿಯ ಮೇಲೆ ಕುಳಿತರು. ಸುತ್ತಿ ಬಳಸಿ ಮಾತಾಡುವುದು ಅವರಿಗೆ ಬರುತ್ತಿರಲಿಲ್ಲ.

"ನೋಡವ್ವಾ. ನಿಮ್ಮ ಅಬ್ಬಾ ಎಲ್ಲಾ ತನ್ನ ಮ್ಯಾಲೆ ಹಾಕ್ಕೊಂಡಾನ. ನೀ ಸುಮ್ಮನಿದ್ರ ನಾಳೆ ಅವ ಹಿಂಡಲಗಾಕ್ಕ ಹೋಗತಾನ. ನೀ ಖರೇ ಹೇಳಿದ್ರ ನಿನ್ನ ಹೆಸರು ಕೋರ್ಟಿಗೆ ಬರತದ. ಈ ಎರಡರ ನಡುವ ಮೂರನೇ ದಾರಿ ನನಗೆ ಗೊತ್ತಿಲ್ಲ."

"ಬೇಟಿ, ಚುಪ್!" ಎಂದಳು ಮದರಬೀ.

"ಪೆಟ್ಟಿಗಿ ನಾನಽ ಕೂಡಿಸಿದ್ದು," ಎಂದಳು ನಸೀಬಾ.

ಮದರಬೀ ಮಗಳ ತೋಳು ಹಿಡಿದು ಹಿಂದಕ್ಕೆ ಎಳೆದಳು.

"ಅಬ್ಬಾ ಬಾಯಿಲೆ ಹೇಳತಾರ, ನಾ ಕೈಲೆ ಮಾಡತೀನಿ. ಎರಡು ವರ್ಷ ಆತು. ಸಂಗಾಟ ಮಗಳು ಬಂದಾಳ ಅಂತ ಮಂದಿ ನನ್ನ ಹೆಂಗಸರ ಕಡೆ ಒಳಗ ಕುಂದ್ರಸತಾರ. ಯಜಮಾನ್ರು ಅತ್ತಾಗ ಹೋದ ಕೂಡ್ಲೆ ನಾ ಪೆಟ್ಟಿಗಿ ಮುಂದ, ಅಬ್ಬಾ ಬಾಗಿಲ ಮುಂದ. ಖಾನಾಪುರದ ಅಜ್ಜಿಗೆ ಗೊತ್ತಾತು. ನಕ್ಕು ಸುಮ್ಮನಾದ್ರು."

"ಜಗಲಿ ದೀಪ?"

"ಅಜ್ಜಿ ನನ್ನ ಕೈ ಹಿಡಕೊಂಡು ಅಂದ್ರು, ವಿಠೋಬನ ಮುಂದ ಕತ್ತಲಿ ಆಗಬಾರದು ಮಗಳ ಅಂತ. ಅದಕ್ಕ ಎರಡು ದೀಪ ಮಾಡಿಕೊಟ್ಟೆ. ಒಂದಽ ಮಾಡಿಕೊಡು ಅಂದ್ರು. ಆಗಂಗಿಲ್ಲ ಅಜ್ಜಿ ಅಂದೆ. ಇವೆರಡು ತಂತಿ ಕೂಡಿದ್ರ, ಇಂಜಿನ್ ಹಚ್ಚಿದಾಗ ಕಂಬದ ಮ್ಯಾಲೆ ಯಾರರ ಇದ್ರ ಸಾಯತಾರ ಅಂದೆ."

ಅವಧೂತ ಎರಡೂ ಕಾಗದ ಬಿಚ್ಚಿ ಅವಳ ಮುಂದಿಟ್ಟರು.

"ಆ ತಂತಿ ಕೂಡ್ಯಾವ ನಸೀಬಾ. ಜಗಲಿ ಹಿಂದ. ಜುಲೈದಾಗ ನಿಮ್ಮವರಽ ಬಂದು ಕೂಡಿಸಿದ್ರು ಅಂತ ಬಾಳಾಸಾಹೇಬ್ರು ಹೇಳತಾರ."

ಅವಳು ತಲೆ ಎತ್ತಿದಳು. ಅಲ್ಲಿಯವರೆಗೆ ಅವಳ ಕಣ್ಣಿನಲ್ಲಿದ್ದದ್ದು ಹೆದರಿಕೆ. ಈಗ ಅಲ್ಲಿ ಸಿಟ್ಟಿತ್ತು. ಕೆಲಸ ಬಲ್ಲವರ ಸಿಟ್ಟು.

"ಜುಲೈದಾಗ? ಸಾಹೇಬ್ರ, ತಂತಿ ಸುಟ್ಟಿತ್ತೇನ್ರಿ?"

"ಇಲ್ಲ. ಹೊಸಾದ್ದರಂಗ ಇತ್ತು."

"ಖಾನಾಪುರದಾಗ ಕರೆಂಟ್ ವಾರಕ್ಕ ಎಷ್ಟು ಸಲ ಹೋಗತೈತಿ?"

ಬಾಗಿಲಲ್ಲಿದ್ದ ಬಾಳಕೃಷ್ಣ ಉತ್ತರ ಕೊಟ್ಟ. "ಎಷ್ಟು ಸಲ ಬರತೈತಿ ಅಂತ ಕೇಳ ತಂಗಿ. ಲೆಕ್ಕಾ ಸಣ್ಣದಾಕ್ಕೈತಿ."

"ಹೌದಲ್ರಿ? ಇಂಜಿನ್ ನಡದಾಗ ಕಂಬದ ಕರೆಂಟ್ ತಿರುಗಿ ಬಂತು ಅನ್ರಿ. ತಂತಿ ಕೂಡಿದ್ರ ಎರಡೂ ಕರೆಂಟ್ ಆ ಒಂದು ಎಳಿಯೊಳಗ ಹಾಯತಾವ. ಅಂಥಾ ಸಣ್ಣ ತಂತಿ ಒಂದು ಕ್ಷಣ ತಡಿಯೂದಿಲ್ಲ. ಢಬ್ ಅಂತ ಸುಟ್ಟು ಹೋಗತೈತಿ, ಜಗಲಿ ಕರ‍್ರಗಾಗತೈತಿ. ನಾಲ್ಕು ತಿಂಗಳದಿಂದ ಕೂಡಿತ್ತು, ಸುಟ್ಟಿಲ್ಲ ಅಂದ್ರ ಯಾರು ನಂಬತಾರ? ಅದನ್ನ ಕೂಡಿಸಿದ ಮ್ಯಾಲೆ ಇಂಜಿನ್ ನಡದದ್ದು ಒಂದಽ ಸಲ."

"ಸೋಮವಾರ," ಎಂದರು ಅವಧೂತ.

ಅವರ ಕಿವಿಯಲ್ಲಿ ಸತ್ಯವ್ವನ ಅರ್ಧ ಮಾತು ಮರಳಿ ಬಂತು. ನಾ ಪಂಢರಪುರಕ್ಕ ಹೋಗಿ ಬಂದು ನೋಡತೀನಿ. ಪಂಢರಪುರಕ್ಕೆ ವರ್ಷದಲ್ಲಿ ಎರಡು ದೊಡ್ಡ ವಾರಿ, ಎರಡು ಯಾತ್ರೆ. ಆಷಾಢದ್ದೊಂದು, ಕಾರ್ತಿಕದ್ದೊಂದು. ಕಾರ್ತಿಕ ಏಕಾದಶಿ ಮುಗಿದು ಇನ್ನೂ ಹತ್ತು ದಿನವಾಗಿಲ್ಲ. ಬಿಸಿ ಚಹ ತಣ್ಣಗಾಗುತ್ತಿದೆ ಎಂದು ಆ ಮಾತನ್ನು ಕಡಿದವರು ಯಾರು?

ನಸೀಬಾ ಮೊದಲ ಗಂಟನ್ನು ಬೆರಳಲ್ಲಿ ತೆಗೆದುಕೊಂಡಳು. "ಇದು ನಂದು. ಮಗ್ಗದ ಗಂಟು. ನಮ್ಮ ದಾದಿ, ಅಬ್ಬಾನ ಅವ್ವ, ಕಲಿಸಿದ್ದು." ಎರಡೂ ಕಡೆ ಹಿಡಿದು ಬಲವಾಗಿ ಜಗ್ಗಿದಳು. ನೂಲು ಅವಳ ಬೆರಳಲ್ಲಿ ಇಳಿದು ಗೆರೆ ಮಾಡಿತು, ಗಂಟು ಕದಲಲಿಲ್ಲ. "ಜಗ್ಗಿದಷ್ಟು ಬಿಗೀತೈತಿ. ಅಬ್ಬಾ ಇದನ್ನಽ ಮುಟ್ಟಿ ನೋಡಿರಬೇಕು. ನಾನಽ ತಪ್ಪು ಮಾಡೀನಿ ಅಂತ ತಿಳದಾರ."

ಎರಡನೆಯದನ್ನು ತೆಗೆದುಕೊಂಡಳು. ಬೆಳಕಿಗೆ ಹಿಡಿದಳು. "ನೂಲು ನಂದಽ. ಅಜ್ಜಿಗೆ ಮಾಲಿ ಪೋಣಿಸಾಕ ಬೇಕು ಅಂದ್ರು, ಉಂಡಿ ಅಲ್ಲೇ ಬಿಟ್ಟು ಬಂದಿದ್ದೆ. ಗಂಟು ನಂದಲ್ಲ. ನೋಡಿ ಮಾಡ್ಯಾರ. ಮಗ್ಗದ ಗಂಟಿನಂಗ ಕಾಣತೈತಿ, ಅಷ್ಟಽ."

ಎರಡು ಬೆರಳಲ್ಲಿ ಸ್ವಲ್ಪವೇ ಜಗ್ಗಿದಳು.

ಗಂಟು ಸದ್ದಿಲ್ಲದೆ ಬಿಚ್ಚಿಕೊಂಡಿತು. ಅವಳ ಕೈಯಲ್ಲಿ ಉಳಿದದ್ದು ನೇರವಾದ ಕೆಂಪು ನೂಲು.

ಅವಧೂತರಿಗೆ ಫರಸಿಯ ಮೇಲೆ ಮಣಿಗಳು ಉರುಳುವ ಸದ್ದು ಕೇಳಿಸಿತು. ಟಪಟಪ, ನಾಲ್ಕೂ ಮೂಲೆಗೆ. ಕೈ ತಾನಾಗಿ ಕಿಸೆಗೆ ಹೋಯಿತು. ತುಳಸಿಮಣಿ ಬೆರಳಿಗೆ ತಾಕಿತು. ಗಂಟ ಹಾಕಾಕ ಬರೂದಿಲ್ಲ ನನ ಮಗಗ.

ಬಾಳಕೃಷ್ಣನಿಗೂ ಹೊಳೆದಿತ್ತು. ಅವನ ಬಾಯಿ ಅರ್ಧ ತೆರೆದೇ ಇತ್ತು. ಮೆಲ್ಲಗೆ ಅಂದ, "ಸಾಹೇಬ್ರ, ತಾಯಿ ಆಸೆಕ್ಕ ಮಾಡಿರಬೇಕ್ರಿ. ಮುದುಕಿ ದಿನಾ ಅಂತಿತ್ತು. ಯಾತ್ರೆಯಿಂದ ಬರೂದ್ರೊಳಗ ಒಂದು ದೀಪ ಮಾಡಿಡೂಣು ಅಂತ... ಪಾಪ, ತಿಳೀಲಾರದ ಮಾಡಿರಬೇಕು."

ಹಾಗಿದ್ದರೆ ಎಷ್ಟು ಒಳ್ಳೆಯದಾಗಿತ್ತು ಎಂದು ಅವಧೂತರಿಗೆ ಅನಿಸಿತು. ತಾಯಿಯ ಮನಸ್ಸಿಗೆ ಸಮಾಧಾನವಾಗಲೆಂದು ಒಬ್ಬ ಮಗ ಮಾಡಿದ ತಪ್ಪು. ದೇವರ ದೀಪಕ್ಕಾಗಿ ಹೋದ ಒಂದು ಜೀವ. ಅದನ್ನು ರೇಣವ್ವನಿಗೆ ಹೇಗೋ ಹೇಳಬಹುದಿತ್ತು.

ಆದರೆ ಒಂದು ಪ್ರಶ್ನೆ ಉಳಿದಿತ್ತು. ಕೇಳದೆ ಏಳುವಂತಿರಲಿಲ್ಲ.

"ನಸೀಬಾ, ಕಂಬದ ಮ್ಯಾಲಿನವರು ಸಾಯತಾರ ಅಂತ ನೀ ಅಜ್ಜಿಗೆ ಹೇಳಿದಾಗ ಅಲ್ಲಿ ಮತ್ತ ಯಾರಿದ್ರು?"

ಅವಳು ಬಿಚ್ಚಿದ ನೂಲನ್ನು ಬೆರಳಿಗೆ ಸುತ್ತುತ್ತಿದ್ದಳು. ಸುತ್ತುವುದು ನಿಂತಿತು.

"ಬಾಳಾಸಾಹೇಬ್ರು ಇದ್ರು. ಬಾಜು ನಿಂತು ಎಲಿ ಅಡಕಿ ಹಾಕ್ಕೊಳಾಕತ್ತಿದ್ರು."

"ಕೇಳಿಸ್ಕೊಂಡ್ರೇನು?"

"ಕೇಳಿಸ್ಕೊಂಡ್ರು." ನಸೀಬಾಳ ದನಿ ಇಳಿಯಿತು. "ನನಗ ಆಗ ಏನೂ ಅನಿಸಲಿಲ್ರಿ. ಅಜ್ಜಿ ಚಾ ತರಾಕ ಒಳಗ ಹ್ವಾದ ಮ್ಯಾಲೆ ಅವರು ಹತ್ತಿರ ಬಂದ್ರು. ಖರೇನ ಸಾಯತಾನೇನು ಅಂತ ಕೇಳಿದ್ರು. ಹೂಂನ್ರಿ ಅಂದೆ."

ಸುತ್ತಿದ ನೂಲನ್ನು ಬೆರಳಿನಿಂದ ಬಿಚ್ಚಿದಳು.

"ಮತ್ತ ಕೇಳಿದ್ರು, ಫ್ಯೂಜು ಕಿಸೆದಾಗ ಇದ್ರೂ ಸಾಯತಾನೇನು ಅಂತ."